ಕೊಟ್ಟಿಗೆಯ ಹಳೆಯ ಅಂಬಾಸಿಡರ್: ಗುಜರಿಗೆ ಹಾಕುವ ಮುನ್ನ



2024ರ ಮೇ ತಿಂಗಳಲ್ಲಿ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ತೆಂಗಿನ ಕಪ್ಪುತಲೆ ಹುಳುವಿನ ಬಾಧೆ ನೋಡಲು ಹೋಗಿದ್ದೆ. ತೋಟ ಸುತ್ತಿ ಬಂದ ಮೇಲೆ ಮನೆಯ ಯಜಮಾನರು ಮಜ್ಜಿಗೆ ಕೊಟ್ಟು, "ಸಾರ್, ಇನ್ನೊಬ್ಬ ರೋಗಿ ಇದ್ದಾನೆ, ಅವನನ್ನೂ ನೋಡಿಬಿಡಿ" ಎಂದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಎರಡು ಎಮ್ಮೆಗಳ ಪಕ್ಕದಲ್ಲಿ ಒಂದು ಬಿಳಿ ಅಂಬಾಸಿಡರ್ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಕೋಳಿಗಳು ಕೂತಿದ್ದವು. ಹಿಂದಿನ ಸೀಟಿನ ಮೇಲೆ ಪೊಟ್ಯಾಷ್ ಮೂಟೆ ಇತ್ತು. ಆರು ವರ್ಷಗಳಿಂದ ಅದು ಅಲ್ಲಾಡಿರಲಿಲ್ಲ.

"ಗುಜರಿಯವನು ಬಂದು ಕೇಳಿ ಹೋಗಿದ್ದಾನೆ. ನಮ್ಮಪ್ಪ ಕೊಂಡ ಗಾಡಿ, ಕೊಡೋಕೆ ಮನಸ್ಸಿಲ್ಲ. ಇಟ್ಟುಕೊಳ್ಳೋಕೆ ಧೈರ್ಯವಿಲ್ಲ. ಏನು ಮಾಡಲಿ?" ಎಂದು ಅವರು ಕೇಳಿದರು.

ನಾನು ಬಿ.ಎಸ್ಸಿ. ಕೃಷಿ ಓದಿದವನು, ಮೆಕ್ಯಾನಿಕ್ ಅಲ್ಲ. ಆದರೆ ನಮ್ಮ ಮನೆಯಲ್ಲೂ 1985ರ ಮಾರ್ಕ್ 4 ಡೀಸೆಲ್ ಅಂಬಾಸಿಡರ್ ಒಂದಿದೆ. ಹದಿನೈದು ವರ್ಷಗಳಿಂದ ಅದರ ಸಣ್ಣಪುಟ್ಟ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತಿದ್ದೇನೆ. ಆ ಯಜಮಾನರಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ. ಇಂಥ ಕಾರು ಇನ್ನೂ ಎಷ್ಟೋ ಮನೆಗಳ ಹಿತ್ತಲಲ್ಲಿ ನಿಂತಿದೆ ಎಂಬುದು ನಿಮಗೆ ಗೊತ್ತು.

ಇದು ಎಂಥ ಕಾರು?

ಅಂಬಾಸಿಡರ್ ಕಾರನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ತಯಾರಿಸುತ್ತಿತ್ತು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯನ್ನು ಆಧರಿಸಿ 1957ರಲ್ಲಿ ಆರಂಭವಾದ ಈ ಕಾರು 2014ರ ಮೇ ತಿಂಗಳವರೆಗೆ ಹೊರಬರುತ್ತಲೇ ಇತ್ತು. ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಮುಂಭಾಗದ ಜಾಲರಿ, ದೀಪ, ಎಂಜಿನ್ ಬದಲಾದವು. ಮೂಲ ಆಕಾರ ಮಾತ್ರ ಬದಲಾಗಲಿಲ್ಲ. ಜಿಲ್ಲಾಧಿಕಾರಿಗಳು ಬಂದದ್ದೂ, ಮದುಮಗ ಬಂದದ್ದೂ, ಹೆರಿಗೆ ನೋವಿನ ಹೆಂಗಸನ್ನು ರಾತ್ರಿ ಪಟ್ಟಣದ ಆಸ್ಪತ್ರೆಗೆ ಸಾಗಿಸಿದ್ದೂ ಇದೇ ಕಾರಿನಲ್ಲಿ.

ರೈತನಿಗೆ ಇದು ಒಗ್ಗಿದ್ದಕ್ಕೆ ಕಾರಣಗಳಿವೆ. ನೆಲದಿಂದ ಎತ್ತರವಾಗಿದೆ. ಹಿಂದೆ ಎತ್ತಿನ ಗಾಡಿಯವರಿಗೂ ಅರ್ಥವಾಗುವ ಕಮಾನು ಪಟ್ಟಿಗಳಿವೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈಯಾಡಿಸಲು ಜಾಗವಿದೆ. ಈಗಿನ ಕಾರುಗಳಲ್ಲಿ ದೋಷ ಕಂಡುಹಿಡಿಯಲು ಕಂಪ್ಯೂಟರ್ ಜೋಡಿಸಬೇಕು. ಇದರ ಹಳೆಯ ಎಂಜಿನ್ನಿಗೆ ಕಣ್ಣು, ಕಿವಿ, ಮೂಗು ಸಾಕು. ಡೀಸೆಲ್ ಪಂಪ್‌ಸೆಟ್ಟನ್ನು ಬಿಚ್ಚಿ ಜೋಡಿಸಿದವರಿಗೆ ಇದರಲ್ಲಿ ಹೊಸದಾಗಿ ಹೆದರಬೇಕಾದದ್ದು ಬಹಳವಿಲ್ಲ. ಹೆದರಲೇಬೇಕಾದದ್ದು ಒಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಪರೀಕ್ಷೆ ಎಂಜಿನ್ನಿಗಲ್ಲ

ಕಾರು ಉಳಿಸಿಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಎಲ್ಲರೂ ಮೊದಲು ಎಂಜಿನ್ ನೋಡುತ್ತಾರೆ. ಇದು ತಪ್ಪು ಕ್ರಮ. ಎಂಜಿನ್ ಕೆಟ್ಟರೆ ಇನ್ನೊಂದು ಕೂರಿಸಬಹುದು. ಬಾಡಿ ಹೋದರೆ ಕಾರೇ ಹೋದಂತೆ. ಟ್ರ್ಯಾಕ್ಟರ್ ಟ್ರೈಲರಿಗೆ ಇರುವಂತೆ ಅಂಬಾಸಿಡರಿಗೆ ಬೇರೆ ಛಾಸಿ ಇಲ್ಲ. ತಗಡಿನ ಬಾಡಿಯೇ ಭಾರ ಹೊರುವ ಅಸ್ಥಿಪಂಜರ.

ಆದ್ದರಿಂದ ಒಂದು ಸ್ಕ್ರೂ ಡ್ರೈವರ್ ತೆಗೆದುಕೊಂಡು ಕಾರಿನ ಕೆಳಭಾಗವನ್ನು ಪರೀಕ್ಷಿಸಿ. ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆ ಆಕಾರದ ಪಟ್ಟಿ, ಕಾಲಿಡುವ ಜಾಗದ ತಗಡು, ಹಿಂದಿನ ಕಮಾನು ಪಟ್ಟಿಗಳನ್ನು ಬಿಗಿದಿರುವ ಜಾಗ, ಡಿಕ್ಕಿಯ ತಳ, ಇವನ್ನು ಒತ್ತಿ ನೋಡಿ. ಟಣ್ ಎಂದರೆ ಒಳ್ಳೆಯದು. ಸ್ಕ್ರೂ ಡ್ರೈವರ್ ಒಂದೆರಡು ಕಡೆ ಒಳಗಿಳಿದರೆ ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬಹುದು. ಕಮಾನು ಪಟ್ಟಿ ಬಿಗಿದಿರುವ ಜಾಗವೇ ಪುಡಿಯಾಗುತ್ತಿದ್ದರೆ, ಖರ್ಚಿನ ಅಂದಾಜು ಕೇಳಿ, ಮನಸ್ಸು ಗಟ್ಟಿ ಮಾಡಿಕೊಂಡು ಕೊಟ್ಟುಬಿಡುವುದೇ ಲೇಸು. ಪ್ರೀತಿ ಇದೆಯೆಂದು ಮುರಿಯುವ ಗಾಡಿಯಲ್ಲಿ ಮನೆಮಂದಿಯನ್ನು ಕೂರಿಸಬಾರದು.

ತುಕ್ಕಿನ ಬೀಜ ನಮ್ಮ ಕೊಟ್ಟಿಗೆಯಲ್ಲೇ ಇದೆ

ಮಳೆಗಿಂತ ಹೆಚ್ಚಾಗಿ ನಾವೇ ಈ ಕಾರನ್ನು ತಿನ್ನಿಸುತ್ತೇವೆ. ಪೊಟ್ಯಾಷ್ ಗೊಬ್ಬರ ಒಂದು ಬಗೆಯ ಉಪ್ಪು. ಮೂಟೆಯಿಂದ ಉದುರಿದ ಹಿಡಿ ಪುಡಿ ತೇವ ಹೀರಿ ಡಿಕ್ಕಿಯ ತಗಡಿಗೆ ಅಂಟಿ ಕೂತರೆ ಒಂದೆರಡು ಮಳೆಗಾಲದಲ್ಲಿ ತೂತು ಬೀಳುತ್ತದೆ. ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ ಇನ್ನೂ ಕೆಟ್ಟದ್ದು. ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಅದ್ದಿ ನೋಡಿ, ಸ್ವಲ್ಪ ಹೊತ್ತಿನಲ್ಲೇ ಮೊಳೆಗೆ ತಾಮ್ರದ ಬಣ್ಣ ಬರುತ್ತದೆ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿರುತ್ತದೆ. ಇದಕ್ಕಾಗಿಯೇ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ ಎಂದು ನಿಮಗೆ ಹೇಳುತ್ತ ಬಂದಿದ್ದೇವೆ. ಪಾತ್ರೆಗೆ ಆಗದ್ದು ಡಿಕ್ಕಿಗೆ ಹೇಗೆ ಆದೀತು?

ದನದ ಕೊಟ್ಟಿಗೆಯಲ್ಲಿ ಗಂಜಲದ ಹಬೆ, ತೇವ ಎರಡೂ ಸದಾ ಇರುತ್ತವೆ. ಅದರ ಜೊತೆ ಹುಲ್ಲು, ಹೊಟ್ಟು ಇದ್ದರೆ ಇಲಿ ಬಂದೇ ಬರುತ್ತದೆ, ವೈರು ಕಡಿಯುತ್ತದೆ. ಆದ್ದರಿಂದ ಕಾರಿಗೆ ಬೇರೆ ಜಾಗ ಮಾಡಿ. ನಾಲ್ಕು ಕಂಬದ ಮೇಲೆ ಶೀಟು ಹೊದಿಸಿ ಗಾಳಿಯಾಡುವಂತೆ ಬಿಟ್ಟರೆ ಸಾಕು. ಗೊಬ್ಬರ ಸಾಗಿಸಲೇಬೇಕಾದರೆ ಕೆಳಗೆ ಪ್ಲಾಸ್ಟಿಕ್ ಟಾರ್ಪಾಲು ಹಾಸಿ, ಅದೇ ದಿನ ಗುಡಿಸಿ ಒರೆಸಿ. ತುಕ್ಕು ಕಂಡಲ್ಲಿ ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಪೇಂಟ್ ಹೊಡೆಯಿರಿ. ಮಳೆಗಾಲಕ್ಕೆ ಮುನ್ನ ಬಾಗಿಲುಗಳ ಕೆಳಗಂಚಿನಲ್ಲಿರುವ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಒಳಗೆ ಇಳಿದ ನೀರು ಹೊರಹೋಗಲು ಇರುವ ದಾರಿ ಅದೊಂದೇ.

ಬಹುಕಾಲ ನಿಂತ ಎಂಜಿನ್ನನ್ನು ಎಬ್ಬಿಸುವ ಕ್ರಮ

ವರ್ಷಗಟ್ಟಲೆ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ ಕೂಡಲೇ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನೊಳಗೆ ಎಣ್ಣೆ ಒಣಗಿರುತ್ತದೆ, ಪಿಸ್ಟನ್ ರಿಂಗು ಹಿಡಿದಿರಬಹುದು. ಒತ್ತಾಯ ಮಾಡಿದರೆ ರಿಂಗು ಮುರಿಯುತ್ತದೆ, ಸಿಲಿಂಡರಿಗೆ ಗೀರು ಬೀಳುತ್ತದೆ. ಕೆಳಗಿನ ಕ್ರಮ ಅನುಸರಿಸಿ:

1. ಟ್ಯಾಂಕಿನ ಹಳೆಯ ಇಂಧನವನ್ನು ಪೂರ್ತಿ ಇಳಿಸಿ. ತಳದ ಕೆಸರು ತೊಳೆಸಿ, ಫಿಲ್ಟರ್ ಬದಲಿಸಿ.

2. ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ಇಳಿಸಿದ ಎಣ್ಣೆಯನ್ನು ಹೊಲಕ್ಕೂ ಚರಂಡಿಗೂ ಸುರಿಯಬೇಡಿ. ಅದು ಬಾವಿ ಸೇರಿದರೆ ನೀರು ಕೆಟ್ಟಿತೆಂದೇ ಲೆಕ್ಕ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

3. ಪೆಟ್ರೋಲ್ ಕಾರಾದರೆ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಡೀಸೆಲ್ ಕಾರಿನಲ್ಲಿ ಇದಕ್ಕೆ ಇಂಜೆಕ್ಟರ್ ಬಿಚ್ಚಬೇಕಾದ್ದರಿಂದ ಬಲ್ಲವರನ್ನು ಕರೆಯಿರಿ.

4. ಮರುದಿನ ಹ್ಯಾಂಡಲ್ ಹಾಕಿ ಕೈಯಿಂದ ನಿಧಾನವಾಗಿ ತಿರುಗಿಸಿ. ಹ್ಯಾಂಡಲ್ ಇಲ್ಲದಿದ್ದರೆ ಟಾಪ್ ಗೇರಿಗೆ ಹಾಕಿ ಸಮನೆಲದಲ್ಲಿ ಇಬ್ಬರು ಮೆಲ್ಲಗೆ ತಳ್ಳಿ. ಎಂಜಿನ್ ಸರಾಗವಾಗಿ ತಿರುಗಿದ ಮೇಲೆಯೇ ಬ್ಯಾಟರಿಯ ಮಾತು.

5. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿರುತ್ತದೆ. ಪಂಪ್‌ಸೆಟ್ಟಿನಲ್ಲಿ ಏರ್ ಲಾಕ್ ತೆಗೆಯುವಂತೆಯೇ ಇಲ್ಲೂ. ಮೊದಲು ಫಿಲ್ಟರಿನ ಸ್ಕ್ರೂ ಸಡಿಲಿಸಿ ಪ್ರೈಮರ್ ಒತ್ತುತ್ತಿರಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿಯಿರಿ. ಆಮೇಲೆ ಪಂಪಿನ ಸ್ಕ್ರೂ. ಕೊನೆಗೆ ಇಂಜೆಕ್ಟರ್ ಪೈಪುಗಳ ನಟ್ಟು. ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಬೆರಳಿಂದ ಮುಟ್ಟಿ ನೋಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ಭಾನುವಾರದ ಒಂದು ಗಂಟೆ

ಓಡುತ್ತಿರುವ ಕಾರಿಗೆ ವಾರಕ್ಕೊಂದು ಗಂಟೆ ಸಾಕು. ಎಂಜಿನ್ ತಣ್ಣಗಿರುವಾಗ ಸಮನೆಲದಲ್ಲಿ ನಿಲ್ಲಿಸಿ ಆಯಿಲ್ ಕಡ್ಡಿ ತೆಗೆದು ಒರೆಸಿ, ಮತ್ತೆ ಹಾಕಿ ಮಟ್ಟ ನೋಡಿ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಅದಕ್ಕೆ ನೀರು ಸೇರುತ್ತಿದೆ ಎಂದರ್ಥ. ಅಂಥ ಎಂಜಿನ್ನನ್ನು ಓಡಿಸಬೇಡಿ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ. ನಿಮ್ಮ ಹನಿ ನೀರಾವರಿ ಪೈಪಿನಲ್ಲಿ ಕಟ್ಟುವ ಬಿಳಿ ಗಟ್ಟಿಯೇ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ಹಾಕಿ. ಏನೂ ಸಿಗದಾಗ ಶೋಧಿಸಿದ ಮಳೆ ನೀರು ಆಗಬಹುದು. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರನ್ನು ಕಂಡಿದ್ದೇನೆ, ತಣಿಯುವವರೆಗೆ ಕಾಯಿರಿ.

ಬ್ಯಾಟರಿ ಬಿಚ್ಚುವಾಗ ಬಾಡಿಗೆ ಹೋಗುವ ವೈರನ್ನು ಮೊದಲು ತೆಗೆಯಬೇಕು, ಹಾಕುವಾಗ ಅದನ್ನು ಕೊನೆಗೆ ಹಾಕಬೇಕು. ಬಿಚ್ಚುವ ಮುನ್ನ ಯಾವ ವೈರು ಯಾವ ಕಡ್ಡಿಗೆ ಎಂದು ಗುರುತು ಮಾಡಿಕೊಳ್ಳಿ. ಟರ್ಮಿನಲ್ ಮೇಲೆ ಬೂಷ್ಟು ಕಟ್ಟಿದ್ದರೆ ಬಿಸಿನೀರು ಸುರಿದು ತೊಳೆದು, ಒಣಗಿಸಿ, ವ್ಯಾಸಲೀನ್ ಸವರಿ.

ಗ್ರೀಸ್ ಈ ಕಾರಿನ ಮೇವು. ಮುಂದಿನ ಚಕ್ರಗಳ ಕಿಂಗ್ ಪಿನ್, ಸ್ಟೀರಿಂಗ್ ಕಡ್ಡಿಗಳ ತುದಿ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು, ಹ್ಯಾಂಡ್ ಬ್ರೇಕಿನ ಕೇಬಲ್, ಇವುಗಳ ನಿಪ್ಪಲ್ಲುಗಳನ್ನು ಹುಡುಕಿ ಮೊದಲು ಮಣ್ಣು ಒರೆಸಿ. ಮಣ್ಣಿನ ಸಮೇತ ಗ್ರೀಸ್ ಒತ್ತಿದರೆ ಸಾಣೆ ಹಿಡಿದಂತಾಗುತ್ತದೆ. ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವಾಗ ಚಕ್ರವನ್ನು ಜಾಕಿಯಿಂದ ಎತ್ತಿದ್ದರೆ ಗ್ರೀಸ್ ಎಲ್ಲ ಕಡೆ ಹರಿಯುತ್ತದೆ. ನಮ್ಮ ಧೂಳಿನ ರಸ್ತೆಗೆ ಸಾವಿರ ಕಿಲೋಮೀಟರಿಗೊಮ್ಮೆ ಇದನ್ನು ಮಾಡಿದರೆ ಒಳ್ಳೆಯದು.

ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಒಮ್ಮೆಲೇ ಸೀಳಿಹೋಗುತ್ತವೆ. ಅಗಲವಾದ ಗಟ್ಟಿ ಮರದ ದಿಮ್ಮಿಗಳನ್ನು ಕೊಡಿ, ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ.

ಟ್ಯಾಪೆಟ್ಟಿಗೆ ಒಂಬತ್ತರ ಲೆಕ್ಕ

ಎಂಜಿನ್ ತಲೆಯಿಂದ ಟಕ ಟಕ ಸದ್ದು ಬರುತ್ತಿದ್ದರೆ ಟ್ಯಾಪೆಟ್ ಸಡಿಲವಾಗಿದೆ. ಇದನ್ನು ನೀವೇ ಸರಿಮಾಡಬಹುದು. ಹಳೆಯ ಮೆಕ್ಯಾನಿಕ್ಕುಗಳು ಬಳಸುವ ಸುಲಭ ಲೆಕ್ಕವೊಂದಿದೆ. 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಎಂಟು ವಾಲ್ವುಗಳು ಸಾಲಾಗಿವೆ. ರೇಡಿಯೇಟರ್ ಕಡೆಯಿಂದ ಒಂದು, ಎರಡು ಎಂದು ಎಣಿಸಿ. ಎಂಟನೆಯ ವಾಲ್ವ್ ಪೂರ್ತಿ ಒತ್ತಿಕೊಂಡಿರುವಾಗ ಒಂದನೆಯದನ್ನು ಸರಿಮಾಡಬೇಕು. ಆರನೆಯದು ಒತ್ತಿರುವಾಗ ಮೂರನೆಯದು. ನಾಲ್ಕು ಒತ್ತಿರುವಾಗ ಐದು. ಏಳು ಒತ್ತಿರುವಾಗ ಎರಡು. ಎರಡನ್ನೂ ಕೂಡಿದರೆ ಯಾವಾಗಲೂ ಒಂಬತ್ತು ಬರಬೇಕು, ಅಷ್ಟೇ. ಮಿಕ್ಕ ನಾಲ್ಕಕ್ಕೂ ಇದೇ ಲೆಕ್ಕ. ಎಷ್ಟು ಸಂದು ಬಿಡಬೇಕು, ಎಂಜಿನ್ ಬಿಸಿಯಿರಬೇಕೋ ತಣ್ಣಗಿರಬೇಕೋ ಎಂಬುದನ್ನು ನಿಮ್ಮ ಎಂಜಿನ್ನಿನ ಕೈಪಿಡಿ ನೋಡಿ ಮಾಡಿ. ಮೊದಲ ಸಲ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪೆಟ್ರೋಲ್ ಕಾರಿನವರಿಗೆ ಎರಡು ಮಾತು

ಕಾರು ಮಿಸ್ ಹೊಡೆಯುತ್ತಿದ್ದರೆ ಕಾರ್ಬೊರೇಟರಿಗೆ ಕೈ ಹಾಕುವ ಮುನ್ನ ಪ್ಲಗ್ಗು ಮತ್ತು ಪಾಯಿಂಟ್ ನೋಡಿ. ಪ್ಲಗ್ಗಿನ ಸಂದು ಸುಮಾರು 0.6 ಮಿಲಿಮೀಟರ್, ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಒಂದು ಫೀಲರ್ ಗೇಜ್ ಕೊಂಡುಕೊಂಡರೆ ಜೀವಮಾನವಿಡೀ ಬಾಳುತ್ತದೆ.

ಇನ್ನೊಂದು, ಎಥೆನಾಲ್ ವಿಚಾರ. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಡಲಾಯಿತು. ನಿಮ್ಮ ಕಬ್ಬು, ಮೆಕ್ಕೆಜೋಳಕ್ಕೆ ಇದರಿಂದ ಬೇಡಿಕೆ ಬಂದಿದೆ, ಸಂತೋಷ. ಆದರೆ ಅಂಬಾಸಿಡರಿನ ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಪೊರೆ ಎಥೆನಾಲನ್ನು ತಾಳುವಂತೆ ಮಾಡಿದವಲ್ಲ. ಅವು ಉಬ್ಬಿ, ಮೆತ್ತಗಾಗಿ ಸೋರತೊಡಗುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯೇ. ಎಥೆನಾಲ್ ತಾಳುವ ಹೊಸ ಪೈಪುಗಳನ್ನು ಕೇಳಿ ಹಾಕಿಸಿ, ತಿಂಗಳಿಗೊಮ್ಮೆ ನೋಡಿ. ಎಥೆನಾಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಪೆಟ್ರೋಲ್ ಬಿಡಬೇಡಿ.

ಚಾರ್ಮಾಡಿಯಲ್ಲಿ ಕಲಿತ ಪಾಠ

ಹೆದರಲೇಬೇಕಾದದ್ದು ಒಂದಿದೆ ಎಂದೆನಲ್ಲ, ಅದು ಬ್ರೇಕು. 2012ರಲ್ಲಿ ತಾಯಿಯವರನ್ನೂ ಅಕ್ಕನ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ಎಂಜಿನ್ ಗಡಿಯಾರದಂತೆ ಓಡುತ್ತಿತ್ತು, ನನಗೆ ಹೆಮ್ಮೆ. ಟಾಪ್ ಗೇರಿನಲ್ಲೇ ಇಳಿಯುತ್ತ, ತಿರುವಿಗೊಮ್ಮೆ ಬ್ರೇಕ್ ಒತ್ತುತ್ತ ಬಂದೆ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಪೆಡಲ್ ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ನೆಲಕ್ಕೆ ಮುಟ್ಟಿತು. ಕಾರು ನಿಲ್ಲಲಿಲ್ಲ.

ಸ್ಟೀರಿಂಗ್ ಪಕ್ಕದ ಗೇರನ್ನು ಹೇಗೋ ಮೂರಕ್ಕೆ, ಮೂರರಿಂದ ಎರಡಕ್ಕೆ ಎಳೆದೆ. ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ ಬಂದೆ. ಗುಡ್ಡದ ಬದಿಯ ಚರಂಡಿಗೆ ಎಡಗಡೆಯ ಚಕ್ರ ಇಳಿದು ಕಾರು ನಿಂತಿತು. ಯಾರಿಗೂ ಏಟಾಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ತಾಯಿಯವರು "ಯಾಕೋ ಇಲ್ಲಿ ನಿಲ್ಲಿಸಿದೆ?" ಎಂದರು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ತಪ್ಪು ಯಾರದು? ನನ್ನದೇ. ನನ್ನ ಅಂಬಾಸಿಡರಿನ ನಾಲ್ಕು ಚಕ್ರಗಳಿಗೂ ಇರುವುದು ಡ್ರಮ್ ಬ್ರೇಕ್. ಇಳಿಜಾರಿನಲ್ಲಿ ಬಿಡದೆ ಒತ್ತಿದರೆ ವಿಪರೀತ ಕಾಯುತ್ತವೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು. ಹೀರಿದಷ್ಟೂ ಅದು ಬೇಗ ಕುದಿಯುತ್ತದೆ. ಕುದ್ದು ಆವಿಯಾದರೆ ಪೆಡಲ್ ಒತ್ತಿದ ಬಲವೆಲ್ಲ ಆವಿಯನ್ನು ಹಿಂಡುವುದರಲ್ಲೇ ಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ನಾನು ಪ್ರತಿ ಭಾನುವಾರ ಎಂಜಿನ್ ಒರೆಸುತ್ತಿದ್ದೆ. ಬ್ರೇಕ್ ಎಣ್ಣೆಯನ್ನು ಕೊನೆಯ ಸಲ ಯಾವಾಗ ಬದಲಿಸಿದ್ದು ಎಂಬುದೇ ನೆನಪಿರಲಿಲ್ಲ. ಅದರ ಹಿಂದಿನ ತಿಂಗಳು ಹ್ಯಾಂಡ್ ಬ್ರೇಕ್ ಕೇಬಲ್ಲಿಗೆ ಗ್ರೀಸ್ ಹೊಡೆದಿದ್ದೆ. ಆ ಐದು ನಿಮಿಷದ ಕೆಲಸ ನಮ್ಮನ್ನು ಕಾಪಾಡಿತು.

ಆದ್ದರಿಂದ ನೆನಪಿಡಿ. ಬ್ರೇಕ್ ಎಣ್ಣೆಯ ಮಟ್ಟವನ್ನು ವಾರಕ್ಕೊಮ್ಮೆ ನೀವೇ ನೋಡಿ. ಡಬ್ಬಿ ಇರುವ ಜಾಗ ಮಾದರಿಗೆ ತಕ್ಕಂತೆ ಬೇರೆ ಬೇರೆ, ಮೊದಲೇ ಕೇಳಿ ತಿಳಿದುಕೊಳ್ಳಿ. ಮಟ್ಟ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಬರೀ ತುಂಬಿ ಸುಮ್ಮನಾಗಬೇಡಿ. ಎಂಜಿನ್ ಆಯಿಲನ್ನು ಅಪ್ಪಿತಪ್ಪಿಯೂ ಅದಕ್ಕೆ ಹಾಕಬೇಡಿ, ರಬ್ಬರುಗಳು ಉಬ್ಬಿ ಬ್ರೇಕು ಕೈಕೊಡುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಪೂರ್ತಿ ಬದಲಿಸಿ. ಘಾಟಿ ಹತ್ತಿದ ಗೇರಿನಲ್ಲೇ ಘಾಟಿ ಇಳಿಯಿರಿ.

ಚಕ್ರದ ಸಿಲಿಂಡರು, ಮಾಸ್ಟರ್ ಸಿಲಿಂಡರು, ಲೈನರ್ ಬದಲಿಸುವ ಕೆಲಸ ಮಾತ್ರ ಅನುಭವಿ ಮೆಕ್ಯಾನಿಕ್ಕಿಗೆ ಬಿಡಿ. ಟ್ಯಾಪೆಟ್ ತಪ್ಪಿದರೆ ಸದ್ದು ಬರುತ್ತದೆ, ಬ್ರೇಕ್ ಕೆಲಸ ತಪ್ಪಿದರೆ ಹೆಣ ಬೀಳುತ್ತದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವುದರಿಂದ ಡ್ರಮ್ಮಿನ ಧೂಳನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಬಿಡಿಭಾಗ, ಕಾಗದಪತ್ರ

ಹಳೆಯ ಕಾರಿನ ಬಿಡಿಭಾಗ ಹುಡುಕುವವರು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಹಳೆಯ ಭಾಗವನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಒಂದೇ ಹೆಸರಿನ ಕಾರಾದರೂ ವರ್ಷದಿಂದ ವರ್ಷಕ್ಕೆ ಭಾಗಗಳಲ್ಲಿ ವ್ಯತ್ಯಾಸವಿದೆ.

ಸ್ವಂತ ಬಳಕೆಯ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ ಇರುತ್ತದೆ. ಆಮೇಲೆ ಸಾರಿಗೆ ಕಚೇರಿಗೆ ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಕಾರು ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಶುಲ್ಕವನ್ನು ಕಚೇರಿಯಲ್ಲೇ ಕೇಳಿ ತಿಳಿಯಿರಿ. ವಿಮೆ, ಹೊಗೆ ತಪಾಸಣೆ ಪತ್ರ ಇಲ್ಲದೆ ರಸ್ತೆಗೆ ಇಳಿಸಬೇಡಿ. ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲೆ ದೆಹಲಿ ಸುತ್ತಲಿನ ಪ್ರದೇಶಕ್ಕೆಂದು ಬಂದ ಆದೇಶವನ್ನು ಕೇಳಿ ಇಲ್ಲಿ ಕೆಲವರು ಗಾಬರಿಯಿಂದ ಕಾರು ಮಾರಿದ್ದುಂಟು. ಆ ಆದೇಶ ಆ ಪ್ರದೇಶಕ್ಕೆ ಸೇರಿದ್ದು.

ಒಂದು ನೋಟ್‌ಬುಕ್ ಇಡಿ

ಹಸು ಗಬ್ಬವಾದ ದಿನ, ಲಸಿಕೆ ಹಾಕಿಸಿದ ದಿನ ಬರೆದಿಡಿ ಎಂದು ನಿಮಗೆ ಹೇಳುತ್ತಿರುತ್ತೇನೆ. ಕಾರಿಗೂ ಹಾಗೆಯೇ ಎರಡು ಪುಟ ಸಾಕು. ದಿನಾಂಕ, ಕಿಲೋಮೀಟರು, ಮಾಡಿದ ಕೆಲಸ. ಚಾರ್ಮಾಡಿಯಿಂದ ಬಂದ ಮರುದಿನವೇ ನಾನು ಇಟ್ಟ ಪುಸ್ತಕ ಇಂದಿಗೂ ಕಾರಿನಲ್ಲಿದೆ. ಅದರ ಮೊದಲ ಸಾಲು ಬ್ರೇಕ್ ಎಣ್ಣೆಯದು.

ಅರಸೀಕೆರೆ ಕಡೆಯ ಆ ಯಜಮಾನರ ಕಾರಿಗೆ ಸ್ಕ್ರೂ ಡ್ರೈವರ್ ಪರೀಕ್ಷೆ ಮಾಡಿದಾಗ ಎಡ ಬಾಗಿಲ ಕೆಳಗೆ ಎರಡು ಕಡೆ, ಡಿಕ್ಕಿಯಲ್ಲಿ ಒಂದು ಕಡೆ ತಗಡು ಕುಸಿಯಿತು. ಕಮಾನು ಪಟ್ಟಿಯ ಜಾಗ ಗಟ್ಟಿಯಾಗಿತ್ತು. ಐ.ಟಿ.ಐ. ಓದುತ್ತಿರುವ ಮಗ "ವೆಲ್ಡಿಂಗ್ ನಾನು ಮಾಡ್ತೀನಪ್ಪಾ" ಎಂದು ಮುಂದೆ ಬಂದ. ಪೊಟ್ಯಾಷ್ ಮೂಟೆ ಹೊರಬಿತ್ತು. ಕೋಳಿಗಳಿಗೆ ಬೇರೆ ಗೂಡಾಯಿತು. ದಸರಾ ಹೊತ್ತಿಗೆ ಎಂಜಿನ್ ಸ್ಟಾರ್ಟ್ ಆಯಿತೆಂದು ಫೋನಿನಲ್ಲಿ ಅದರ ಸದ್ದು ಕೇಳಿಸಿದರು. "ಆಯುಧಪೂಜೆಗೆ ಊರು ಸುತ್ತಿಸಲಾ ಸಾರ್?" ಎಂದು ಕೇಳಿದರು. "ಬ್ರೇಕ್ ಆಯಿತೇ?" ಎಂದೆ. ಆಗಿರಲಿಲ್ಲ. ನಿಂತಲ್ಲೇ ಪೂಜೆ ಮಾಡಿ, ಬ್ರೇಕ್ ಮುಗಿಯುವವರೆಗೆ ಗೇಟು ದಾಟಿಸುವುದಿಲ್ಲ ಎಂದು ಅಪ್ಪ ಮಗ ಇಬ್ಬರೂ ಒಪ್ಪಿದರು.

ನಿಮ್ಮ ಕೊಟ್ಟಿಗೆಯಲ್ಲೂ ಅಂಥದ್ದೊಂದು ಕಾರು ಇದ್ದರೆ ಈ ಭಾನುವಾರ ಒಂದು ಸ್ಕ್ರೂ ಡ್ರೈವರ್ ಹಿಡಿದು ಅದರ ಬಳಿ ಹೋಗಿ. ಗುಜರಿಯವನಿಗೆ ಉತ್ತರವನ್ನು ಆಮೇಲೆ ಹೇಳಿದರಾಯಿತು.